ನಡುವೆ ಕೂತವರು ಯಾರು?

2025ರ ನವೆಂಬರ್ 29, ಶನಿವಾರ. ಇಲ್ಲಿ ಶುಕ್ರವಾರ-ಶನಿವಾರ ವಾರದ ರಜೆ. ನಾವು ನಾಲ್ಕೈದು ಜನ ಕ್ಯಾಂಪಸ್ ಹತ್ತಿರದ ಟೀ ಅಂಗಡಿ ಮುಂದೆ ಕರಕ್ ಚಹಾ ಹಿಡ್ಕೊಂಡು ಕೂತಿದ್ವಿ. ನಮ್ಮ ಗಡಿಯಾರ ಊರಿಗಿಂತ ಒಂದೂವರೆ ಗಂಟೆ ಹಿಂದೆ. ನಾವು ಕಣ್ಣುಜ್ಜಿಕೊಂಡು ಹೊರಗೆ ಬರೋ ಹೊತ್ತಿಗೆ ಬೆಂಗಳೂರಿನವರ ತಿಂಡಿ ಮುಗಿದು ಫೋಟೊ ಎಲ್ಲ ಗ್ರೂಪ್‌ಗಳಿಗೂ ಬಂದಿರುತ್ತೆ. ಅವತ್ತಿನ ಫೋಟೊ ನಿಮಗೂ ನೆನಪಿರಬೇಕು. ಮುಖ್ಯಮಂತ್ರಿ ಸಿದ್ದರಾಮಯ್ಯನವರ ‘ಕಾವೇರಿ’ ನಿವಾಸ, ಜೊತೆಗೆ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್, ಮೇಜಿನ ಮೇಲೆ ಇಡ್ಲಿ, ಉಪ್ಪಿಟ್ಟು.

ನಮ್ಮ ಜೊತೆ ಓದುವ ಒಮಾನಿ ಗೆಳೆಯನೊಬ್ಬ ಫೋನಿನೊಳಗೆ ಇಣುಕಿ, “ತಿಂಡಿ ತಿನ್ನೋದನ್ನೂ ನಿಮ್ಮೂರಲ್ಲಿ ನ್ಯೂಸ್ ಮಾಡ್ತಾರಾ?” ಅಂತ ಕೇಳಿದ. ಇಬ್ಬರದ್ದೂ ಒಂದೇ ಪಕ್ಷ, ಕುರ್ಚಿಯೂ ಒಂದೇ. ಎರಡೂವರೆ ವರ್ಷ ಆಯ್ತು, ಇನ್ನು ಬಿಟ್ಟುಕೊಡಲಿ ಅಂತ ಒಂದು ಬಣ, ಐದು ವರ್ಷವೂ ಇವರೇ ಅಂತ ಇನ್ನೊಂದು ಬಣ. ಶಾಸಕರು ದಿಲ್ಲಿಗೆ ಹೋಗಿ ಬಂದು ಮಾಡ್ತಿದ್ದಾರೆ, ಈಗ ರಾಜಿ ಆಗ್ತಿದೆ ಅಂತ ನಮಗೆ ಗೊತ್ತಿದ್ದಷ್ಟು ಹೇಳಿದ್ವಿ.

“ಸರಿ, ಇವರಿಬ್ಬರ ನಡುವೆ ಕೂತವರು ಯಾರು?”

“ಹೈಕಮಾಂಡ್ ಫೋನ್ ಮಾಡಿ ಕೂತು ಮಾತಾಡಿ ಅಂತಂತೆ.”

“ಹೈಕಮಾಂಡ್ ಅಂದ್ರೆ?”

“ಅದೇ ಪಕ್ಷದ ದಿಲ್ಲಿ ನಾಯಕರು.”

“ಅವರೂ ಅದೇ ಪಕ್ಷದವರೇ ತಾನೆ? ನಡುವೆ ಕೂತವರು ಯಾರು ಅಂತ ನಾನು ಕೇಳಿದ್ದು.”

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಡಿಸೆಂಬರ್ 2ಕ್ಕೆ ಸದಾಶಿವನಗರದಲ್ಲಿ ಡಿ.ಕೆ. ಶಿವಕುಮಾರ್ ಅವರ ಮನೆಯಲ್ಲಿ ಎರಡನೇ ತಿಂಡಿ ಆಯ್ತು. ಅಲ್ಲಿ ಇಡ್ಲಿ ಜೊತೆ ನಾಟಿ ಕೋಳಿ ಸಾರು. ಅದರ ಬಗ್ಗೆಯೂ ಬೇಕಾದಷ್ಟು ಚರ್ಚೆಯಾಯ್ತು. ಗೆಳೆಯನ ಪ್ರಶ್ನೆ ಮಾತ್ರ ಹಾಗೇ ಉಳೀತು. ಈ ಲೇಖನ ಆ ಪ್ರಶ್ನೆಯಿಂದಲೇ ಹುಟ್ಟಿದ್ದು. ಈ ಪುಸ್ತಿಕೆ ನಿಮ್ಮ ಮೊಬೈಲಿಗೆ ಬರುವಷ್ಟರಲ್ಲಿ ಬೆಂಗಳೂರಲ್ಲಿ ಯಾರು ಯಾವ ಕುರ್ಚಿಯಲ್ಲಿ ಇರ್ತಾರೋ, ಅದು ನಮ್ಮ ವಿಷಯವಲ್ಲ. ಆಳುವ ಪಕ್ಷದೊಳಗೆ ಜಗಳವಾದರೆ ಅದನ್ನು ಬಿಡಿಸುವ ಕ್ರಮ ಒಂದು ಇದೆಯೇ, ಇರಬೇಕೇ ಅನ್ನೋದಷ್ಟೇ ನಮ್ಮ ವಿಷಯ.

ಒಮಾನ್‌ನಲ್ಲಿ ಹುಟ್ಟಿ ಬೆಳೆದವನಿಗೆ ಆ ಪ್ರಶ್ನೆ ಸಹಜ. 2025ರ ಏಪ್ರಿಲ್ 12ರಂದು ಇದೇ ಮಸ್ಕತ್‌ನಲ್ಲಿ ಅಮೆರಿಕ ಮತ್ತು ಇರಾನ್ ಮಾತುಕತೆಗೆ ಬಂದಿದ್ದವು. ಅಮೆರಿಕದ ಸ್ಟೀವ್ ವಿಟ್ಕಾಫ್ ಒಂದು ಕೋಣೆಯಲ್ಲಿ, ಇರಾನಿನ ವಿದೇಶಾಂಗ ಸಚಿವ ಅಬ್ಬಾಸ್ ಅರಾಗ್ಚಿ ಇನ್ನೊಂದು ಕೋಣೆಯಲ್ಲಿ. ಒಮಾನಿನ ವಿದೇಶಾಂಗ ಸಚಿವ ಬದರ್ ಅಲ್ ಬುಸೈದಿ ನಡುವೆ ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸಿದರು. ನಾವು ಅವತ್ತು ಇದೇ ಊರಲ್ಲಿದ್ದರೂ ಪೇಪರ್ ಓದಿಯೇ ತಿಳಿದುಕೊಂಡಿದ್ದು, ಅಷ್ಟು ಸದ್ದಿಲ್ಲದೆ ನಡೀತು. ಮೇ 6ಕ್ಕೆ ಅಮೆರಿಕ ಮತ್ತು ಯೆಮನ್‌ನ ಹೂಥಿಗಳ ನಡುವಿನ ಕದನವಿರಾಮವನ್ನು ಪ್ರಕಟಿಸಿದ್ದೂ ಒಮಾನೇ. ಇರಾನ್ ಮಾತುಕತೆಯ ಆರನೇ ಸುತ್ತು ಜೂನ್ 15ಕ್ಕೆ ಮಸ್ಕತ್‌ನಲ್ಲೇ ಆಗಬೇಕಿತ್ತು. ಜೂನ್ 13ಕ್ಕೆ ಇಸ್ರೇಲ್ ಬಾಂಬ್ ಹಾಕಿತು, ಸುತ್ತು ರದ್ದಾಯ್ತು. ಅಂದ್ರೆ ನಡುವೆ ಯಾರೋ ಕೂತ ಮಾತ್ರಕ್ಕೆ ಎಲ್ಲ ಸರಿಹೋಗುತ್ತೆ ಅಂತ ನಾವೂ ನಂಬಿಲ್ಲ.

ಒಮಾನ್ ಏನು ಸನ್ಯಾಸಿ ದೇಶವಲ್ಲ. ಹೊರ್ಮುಝ್ ಜಲಸಂಧಿಯ ಒಂದು ದಡ ಇರಾನಿನದ್ದು, ಇನ್ನೊಂದು ದಡ ಒಮಾನಿನ ಮುಸಂದಂ. ಅಲ್ಲಿ ಬೆಂಕಿ ಬಿದ್ದರೆ ಮೊದಲು ಸುಡೋದು ಇವರ ಮನೆಯೇ. ಹಾಗಾಗಿ ಇವರಿಗೂ ಸ್ವಾರ್ಥ ಇದೆ, ಆದರೆ ಅದು ಜಗಳ ನಿಲ್ಲಬೇಕು ಅನ್ನುವ ಸ್ವಾರ್ಥ. ನಮ್ಮ ಪಕ್ಷಗಳ ಹೈಕಮಾಂಡಿನ ಸ್ವಾರ್ಥ ಬೇರೆ ಥರದ್ದು. ರಾಜ್ಯದಲ್ಲಿ ಒಬ್ಬನೇ ಬಲಿಷ್ಠ ನಾಯಕನಾದರೆ ದಿಲ್ಲಿಯ ಮಾತು ನಡೆಯಲ್ಲ. ಇಬ್ಬರಿದ್ದು, ಇಬ್ಬರೂ ಆಗಾಗ ದಿಲ್ಲಿ ವಿಮಾನ ಹತ್ತುತ್ತಿದ್ದರೆ ನಡೆಯುತ್ತೆ. ಜಗಳ ಪೂರ್ತಿ ಹೊತ್ತಿಕೊಳ್ಳಲೂ ಬಾರದು, ಪೂರ್ತಿ ಆರಲೂ ಬಾರದು. ಬೆಣ್ಣೆ ಹಂಚಲು ಕೂತ ಕೋತಿಯ ಕಥೆ ನಮಗೆಲ್ಲ ಒಂದನೇ ಕ್ಲಾಸಿನಿಂದಲೇ ಗೊತ್ತು. ಯಾವ ಪಕ್ಷಕ್ಕೆ ಹೇಳ್ತಿದ್ದೀರಿ ಅಂದ್ರೆ, ಎಲ್ಲ ಪಕ್ಷಕ್ಕೂ.

2023ರ ಮೇ 13ಕ್ಕೆ ಕಾಂಗ್ರೆಸ್ 135 ಸ್ಥಾನ ಗೆದ್ದಿತು. ಐದು ದಿನ ದಿಲ್ಲಿಯಲ್ಲಿ ಚೌಕಾಸಿ. 18ಕ್ಕೆ ಹೆಸರು ಪ್ರಕಟ, 20ಕ್ಕೆ ಪ್ರಮಾಣವಚನ. ಎರಡೂವರೆ ವರ್ಷದ ಹಂಚಿಕೆ ಇದೆಯಾ ಅಂತ ಪತ್ರಕರ್ತರು ಕೇಳಿದಾಗ ಪಕ್ಷದ ಪ್ರಧಾನ ಕಾರ್ಯದರ್ಶಿ ಕೆ.ಸಿ. ವೇಣುಗೋಪಾಲ್, ಅಧಿಕಾರ ಹಂಚಿಕೊಳ್ಳುವುದು ಜನರ ಜೊತೆ ಅನ್ನೋ ಅರ್ಥದ ಉತ್ತರ ಕೊಟ್ಟು ಜಾರಿಕೊಂಡರು. ಮಾತು ಚೆನ್ನಾಗಿತ್ತು, ಉತ್ತರ ಇರಲಿಲ್ಲ. 2025ರ ನವೆಂಬರ್‌ನಲ್ಲಿ ಅವಧಿ ಅರ್ಧಕ್ಕೆ ಬಂದಾಗ ಡಿ.ಕೆ. ಶಿವಕುಮಾರ್ ಅವರೇ, ಅದು ಐದಾರು ಜನರ ನಡುವಿನ ಗುಟ್ಟಿನ ವಿಚಾರ, ಬಹಿರಂಗವಾಗಿ ಮಾತಾಡಲ್ಲ ಅಂದರು. ಅಷ್ಟರಲ್ಲಿ ಒಬ್ಬರು ಎಕ್ಸ್‌ನಲ್ಲಿ ಕೊಟ್ಟ ಮಾತಿನ ಶಕ್ತಿಯ ಬಗ್ಗೆ ಬರೆದರು. ಇನ್ನೊಬ್ಬರು, ಜನರ ಬದುಕು ಸುಧಾರಿಸದ ಮಾತಿಗೆ ಶಕ್ತಿ ಎಲ್ಲಿಂದ ಅಂತ ಉತ್ತರ ಕೊಟ್ಟರು.

ನಮ್ಮನ್ನು ಕಾಡೋದು ಇಲ್ಲೇ. ಏಳು ಕೋಟಿ ಜನರ ರಾಜ್ಯವನ್ನು ಯಾರು ಎಷ್ಟು ದಿನ ಆಳ್ತಾರೆ ಅನ್ನೋ ಒಪ್ಪಂದ ಇದ್ದದ್ದೇ ಆದರೆ ಅದು ಐದಾರು ಜನರ ನೆನಪಿನಲ್ಲಿ ಮಾತ್ರ ಇದೆ. ಇಲ್ಲದಿದ್ದರೆ ಅದು ಇಲ್ಲ ಅನ್ನೋದಕ್ಕೂ ದಾಖಲೆಯಿಲ್ಲ. ಕೊಟ್ಟ ಮಾತನ್ನು ಯಾರು ಮುರಿದರು ಅಂತ ನಾವು ಹೇಗೆ ತೀರ್ಮಾನ ಮಾಡೋದು? ಒಬ್ಬ ಮನೆ ಬಾಡಿಗೆಗೆ ಕೊಡುವವನೂ ಹನ್ನೊಂದು ತಿಂಗಳ ಕರಾರು ಪತ್ರ ಬರೆಸ್ತಾನೆ.

ಇದಕ್ಕೆ ಪ್ರಸಿದ್ಧ ಉದಾಹರಣೆ ಲಂಡನ್‌ನದ್ದು. 1994ರ ಮೇ 31ರಂದು ಇಸ್ಲಿಂಗ್ಟನ್‌ನ ಗ್ರಾನಿಟಾ ಅನ್ನುವ ಹೋಟೆಲಿನಲ್ಲಿ ಟೋನಿ ಬ್ಲೇರ್ ಮತ್ತು ಗಾರ್ಡನ್ ಬ್ರೌನ್ ಊಟಕ್ಕೆ ಕೂತರು. ನಡುವೆ ಯಾರೂ ಇಲ್ಲ, ಕಾಗದವೂ ಇಲ್ಲ. ಅವತ್ತು ಏನು ಮಾತಾಯ್ತು ಅನ್ನೋದರ ಬಗ್ಗೆ ಎರಡೂ ಕಡೆಯವರು ಹತ್ತು ವರ್ಷ ಜಗಳ ಆಡಿದರು. ಬ್ರೌನ್ ಪ್ರಧಾನಿಯಾದದ್ದು 2007ರ ಜೂನ್‌ನಲ್ಲಿ. ಊಟ ಮಾಡಿಯೇ ರಾಜಿ ಮಾಡಿಕೊಳ್ಳೋದು ಬೆಂಗಳೂರಿನವರದ್ದೊಂದೇ ಚಾಳಿಯಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬಹುದು.

ನಮ್ಮವರದ್ದೇ ಹಳೆಯ ಲೆಕ್ಕ ತೆಗೆದರೆ 1969 ಬರುತ್ತೆ. ಆಗ ಕಾಂಗ್ರೆಸ್ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಜುಲೈನಲ್ಲಿ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಅಧಿವೇಶನ ನಡೀತು, ರಾಷ್ಟ್ರಪತಿ ಅಭ್ಯರ್ಥಿ ಆಯ್ಕೆಯಲ್ಲಿ ಇಂದಿರಾ ಗಾಂಧಿ ಬಣ ಮತ್ತು ಹಿರಿಯರ ಬಣ ಎದುರುಬದುರಾದವು. ಆಗಸ್ಟ್ 20ಕ್ಕೆ ವಿ.ವಿ. ಗಿರಿ ಗೆದ್ದರು. 25ಕ್ಕೆ ಕಾರ್ಯಕಾರಿ ಸಮಿತಿ ಸೇರಿ, ವೈ.ಬಿ. ಚವಾಣ್ ಮುಂದೆ ನಿಂತು, ‘ಏಕತಾ ನಿರ್ಣಯ’ ಅಂತ ಒಂದನ್ನು ಪಾಸು ಮಾಡಿದರು. ಹಳೆಯದನ್ನೆಲ್ಲ ಮರೆಯೋಣ ಅನ್ನೋ ಧಾಟಿ. ನವೆಂಬರ್ 1ಕ್ಕೆ ಒಂದೇ ಪಕ್ಷದ ಎರಡು ಕಾರ್ಯಕಾರಿ ಸಮಿತಿಗಳು ದಿಲ್ಲಿಯ ಎರಡು ಕಡೆ ಬೇರೆಬೇರೆಯಾಗಿ ಸಭೆ ಸೇರಿದ್ವು. 12ಕ್ಕೆ ಪ್ರಧಾನಿಯನ್ನೇ ಪಕ್ಷದಿಂದ ತೆಗೆದುಹಾಕಿದರು. ಏಕತೆ ಬಾಳಿದ್ದು 79 ದಿನ. ಚವಾಣ್ ದೊಡ್ಡ ನಾಯಕರೇ, ಆದರೆ ಅವರೂ ಆ ಜಗಳದೊಳಗಿನ ಒಬ್ಬ ಆಟಗಾರರೇ. ಕಾಗದ ಇತ್ತು, ನಡುವಿನವರು ಇರಲಿಲ್ಲ.

2009 ನಮ್ಮಲ್ಲಿ ಕೆಲವರಿಗೆ ಮಸುಕಾಗಿ ನೆನಪಿದೆ, ಆಗ ನಾವು ಪ್ರೈಮರಿ ಸ್ಕೂಲು. ಉತ್ತರ ಕರ್ನಾಟಕದಲ್ಲಿ ನೆರೆ ಬಂದು ಊರೂರೇ ಮುಳುಗಿದ್ದ ಹೊತ್ತು. ಆಗಲೇ ಬಳ್ಳಾರಿಯ ರೆಡ್ಡಿ ಸೋದರರು ಮುಖ್ಯಮಂತ್ರಿ ಯಡಿಯೂರಪ್ಪನವರ ವಿರುದ್ಧ ಎದ್ದರು. ಅದಿರು ಲಾರಿಗಳ ಮೇಲಿನ ಶುಲ್ಕವೂ ಜಗಳದ ಕಾರಣಗಳಲ್ಲಿ ಒಂದು. ಶಾಸಕರು ಹೈದರಾಬಾದು, ಗೋವಾ ರೆಸಾರ್ಟುಗಳಲ್ಲಿ. ಮನೆಯ ಟಿ.ವಿ.ಯಲ್ಲಿ ಒಂದು ಕಡೆ ನೀರು ನುಗ್ಗಿದ ಮನೆ, ಇನ್ನೊಂದು ಕಡೆ ಈಜುಕೊಳ. ದಿಲ್ಲಿಯಲ್ಲಿ ಸಂಧಾನವಾಯ್ತು. ಮುಂದೆ ನಿಂತವರಲ್ಲಿ ಒಬ್ಬರು ಸುಷ್ಮಾ ಸ್ವರಾಜ್, 1999ರಲ್ಲಿ ಬಳ್ಳಾರಿಯಿಂದ ಸ್ಪರ್ಧಿಸಿದಾಗಿನಿಂದ ರೆಡ್ಡಿಗಳಿಗೆ ಹತ್ತಿರದವರು ಅಂತಲೇ ಹೆಸರಾದವರು. ಶೋಭಾ ಕರಂದ್ಲಾಜೆ ಸಚಿವ ಸ್ಥಾನ ಬಿಡಬೇಕಾಯ್ತು, ಸ್ಪೀಕರ್ ಆಗಿದ್ದ ಜಗದೀಶ ಶೆಟ್ಟರ್ ಸಚಿವರಾದರು. ಮುಖ್ಯಮಂತ್ರಿ ಟಿ.ವಿ. ಮುಂದೆ ಅತ್ತರು.

ಆ ರಾಜಿ ಒಂದು ವರ್ಷ ಬಾಳಲಿಲ್ಲ. 2010ರ ಅಕ್ಟೋಬರ್‌ನಲ್ಲಿ ಮತ್ತೆ ಬಂಡಾಯ, 16 ಶಾಸಕರ ಅನರ್ಹತೆ. ಆಮೇಲೆ ಲೋಕಾಯುಕ್ತ ವರದಿ, 2011ರ ಜುಲೈ 31ಕ್ಕೆ ರಾಜೀನಾಮೆ, ಕೆಜೆಪಿ. 2013ರಲ್ಲಿ ಬಿಜೆಪಿ 40 ಸೀಟಿಗೆ ಇಳೀತು. ರಾಜಿ ಮಾಡಿಸಿದವರು ಜಗಳದ ಬೇರು, ಅಂದರೆ ಅದಿರಿನ ದುಡ್ಡನ್ನು ಮುಟ್ಟಲೇ ಇಲ್ಲ. ಯಾರನ್ನು ತೆಗೆಯಬೇಕು, ಯಾರನ್ನು ಹಾಕಬೇಕು ಅಂತ ಮಾತ್ರ ನೋಡಿದರು. ಇಷ್ಟರ ನಡುವೆ ನೆರೆ ಸಂತ್ರಸ್ತರ ಹತ್ತಿರ ಯಾರಾದರೂ ಬಂದು, ನೀವು ಮುಳುಗುವಾಗ ನಾವು ಜಗಳ ಆಡ್ತಿದ್ವಿ, ತಪ್ಪಾಯ್ತು ಅಂದರಾ?

ಈ ‘ತಪ್ಪಾಯ್ತು’ ಅನ್ನೋ ಮಾತು ಒಂದು ಒಪ್ಪಂದದಲ್ಲಿ ಬರೆದದ್ದಿದೆ ಅಂತ ನಮಗೆ ಗೊತ್ತಾದದ್ದು ಇತ್ತೀಚೆಗೆ. ದಕ್ಷಿಣ ಸುಡಾನ್‌ನ ಆಳುವ ಪಕ್ಷ ಎಸ್‌ಪಿಎಲ್ಎಂ. ಅಧ್ಯಕ್ಷ ಸಾಲ್ವಾ ಕೀರ್ ಮತ್ತು ಅವರ ಉಪಾಧ್ಯಕ್ಷರಾಗಿದ್ದ ರಿಯೆಕ್ ಮಚಾರ್ ಬಣಗಳ ಜಗಳ 2013ರ ಡಿಸೆಂಬರ್ 15ಕ್ಕೆ ಅಂತರ್ಯುದ್ಧವೇ ಆಯ್ತು. ಅವರನ್ನು ಕೂರಿಸಿಕೊಂಡದ್ದು ತಾಂಜಾನಿಯಾದ ಆಳುವ ಪಕ್ಷ ಸಿಸಿಎಂ. ಒಂದು ಪಕ್ಷದ ಒಳಜಗಳಕ್ಕೆ ಬೇರೆ ದೇಶದ ಇನ್ನೊಂದು ಪಕ್ಷ ಪಂಚಾಯ್ತಿ ಮಾಡೋದು ನಮಗಂತೂ ಹೊಸದು. 2014ರ ಅಕ್ಟೋಬರ್‌ನಿಂದ ಮಾತಾಡಿ 2015ರ ಜನವರಿ 21ಕ್ಕೆ ಅರೂಷಾ ನಗರದಲ್ಲಿ ಸಹಿಯಾಯ್ತು. ಪಕ್ಷದ ನಾಯಕತ್ವ ಜನರ ಮುಂದೆ ಬಹಿರಂಗವಾಗಿ ಕ್ಷಮೆ ಕೇಳಬೇಕು ಅಂತ ಅದರಲ್ಲಿ ಬರೆದಿದ್ದರು. ಆ ಒಪ್ಪಂದವೂ ಬಾಳಲಿಲ್ಲ, 2016ರ ಜುಲೈನಲ್ಲಿ ಜೂಬಾ ಮತ್ತೆ ಹೊತ್ತಿಕೊಂಡಿತು. ಆದರೂ ಆ ಒಂದು ಸಾಲನ್ನು ಬರೆಸಿದವರ ಬಗ್ಗೆ ನಮಗೆ ಗೌರವ. ಪಕ್ಷದ ಜಗಳದಲ್ಲಿ ನಷ್ಟವಾದದ್ದು ಪಕ್ಷಕ್ಕಲ್ಲ ಅಂತ ಅವರಿಗಾದರೂ ಹೊಳೀತು.

ಒಮಾನೂ ಹೀಗೆ ಸೋತಿದೆ, ಪಕ್ಕದ ಮನೆಯಲ್ಲೇ. 1990ರ ಮೇ 22ಕ್ಕೆ ಉತ್ತರ ಮತ್ತು ದಕ್ಷಿಣ ಯೆಮನ್ ಒಂದಾದವು. ಎರಡೂ ಕಡೆಯ ಆಳುವ ಪಕ್ಷಗಳು ಅಧಿಕಾರ ಹಂಚಿಕೊಂಡವು. ಅಲಿ ಅಬ್ದುಲ್ಲಾ ಸಾಲೆ ಅಧ್ಯಕ್ಷ, ದಕ್ಷಿಣದ ಅಲಿ ಸಾಲಿಂ ಅಲ್ ಬೀದ್ ಉಪಾಧ್ಯಕ್ಷ. 1993ರಲ್ಲಿ ಅಲ್ ಬೀದ್ ಮುನಿಸಿಕೊಂಡು ಏಡನ್‌ಗೆ ಹೋಗಿ ಕೂತರು. 1994ರ ಫೆಬ್ರುವರಿ 20ಕ್ಕೆ ಜೋರ್ಡಾನಿನ ದೊರೆ ಹುಸೇನ್ ಸಮ್ಮುಖದಲ್ಲಿ ಅಮ್ಮಾನ್‌ನಲ್ಲಿ ಇಬ್ಬರೂ ಸಹಿ ಹಾಕಿದರು. ಏಪ್ರಿಲ್ ಮೊದಲಲ್ಲಿ ಒಮಾನ್ ಇಬ್ಬರನ್ನೂ ಸಲಾಲಾಕ್ಕೆ ಕರೆಸಿತು. ಹೋದ ಆಗಸ್ಟಿನಲ್ಲಿ ನಾವು ಖರೀಫ್ ಮಳೆ ನೋಡಲು ಬಸ್ಸಲ್ಲಿ ಹೋದದ್ದು ಅದೇ ಊರಿಗೆ, ಅಲ್ಲಿ ಇಂಥದ್ದೊಂದು ನಡೆದಿತ್ತು ಅಂತ ಆಗ ನಮಗೆ ಗೊತ್ತಿರಲಿಲ್ಲ. ಸಲಾಲಾ ಭೇಟಿಯಾದ ಒಂದು ತಿಂಗಳಿಗೆ ಯುದ್ಧ ಶುರು, ಜುಲೈ 7ಕ್ಕೆ ಏಡನ್ ಪತನ. ಓಡಿಬಂದ ಅಲ್ ಬೀದ್ ಅವರಿಗೆ ಆಶ್ರಯ ಕೊಟ್ಟದ್ದೂ ಒಮಾನೇ.

ಎಲ್ಲಿ ತಪ್ಪಿತು? ದೇಶ ಒಂದಾಗಿ ನಾಲ್ಕು ವರ್ಷವಾದರೂ ಎರಡು ಸೈನ್ಯಗಳು ಬೇರೆಬೇರೆಯಾಗೇ ಉಳಿದಿದ್ದವು. ಸಹಿ ಮಾಡಿದ ಕೈಗೆ ಟ್ಯಾಂಕು ನಿಲುಕುವಷ್ಟು ದೂರದಲ್ಲೇ ಇತ್ತು. ನಮ್ಮ ರಾಜ್ಯದಲ್ಲಿ ಟ್ಯಾಂಕಿಲ್ಲ ಪುಣ್ಯಕ್ಕೆ, ರೆಸಾರ್ಟಿದೆ. ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ, ಅದರಲ್ಲೂ 2003ರ ತಿದ್ದುಪಡಿಯಲ್ಲಿ ಮೂರನೇ ಒಂದು ಭಾಗ ಒಡೆದುಹೋಗುವ ಅವಕಾಶ ತೆಗೆದ ಮೇಲೆ, ಮುನಿದ ಬಣ ಹೊರಗೆ ಹೋಗುವಂತಿಲ್ಲ, ಒಳಗೆ ನೆಮ್ಮದಿಯಿಂದ ಇರುವಂತೆಯೂ ಇಲ್ಲ. ಸಿವಿಲ್ ಓದಿದವರು ನಮ್ಮಲ್ಲಿ ಇಬ್ಬರಿದ್ದಾರೆ, ಅವರು ಹೇಳ್ತಾರೆ: ಸೇತುವೆಯ ಎರಡು ಸ್ಲ್ಯಾಬುಗಳ ನಡುವೆ ಎಕ್ಸ್‌ಪಾನ್ಶನ್ ಜಾಯಿಂಟ್ ಬಿಡದಿದ್ದರೆ ಬಿಸಿಲಿಗೆ ಹಿಗ್ಗಿ ಒಂದನ್ನೊಂದು ಒಡೆದುಹಾಕ್ತವೆ. ಜಗಳವೇ ಆಗಬಾರದು ಅನ್ನೋ ಶಿಸ್ತಿಗಿಂತ ಜಗಳಕ್ಕೆ ಒಂದು ಜಾಗ ಬಿಡೋ ವ್ಯವಸ್ಥೆ ಮೇಲು ಅಂತ ನಮಗನ್ನಿಸುತ್ತೆ.

ಪಕ್ಷದ ಒಳಗಿನ ಮಾತು ಪಕ್ಷದ್ದು, ನಿಮಗ್ಯಾಕೆ ಅಂತ ಕೇಳುವವರಿದ್ದಾರೆ. ವಿರೋಧ ಪಕ್ಷದ ಒಳಜಗಳವಾದರೆ ಒಪ್ತೀವಿ. ಆಳುವ ಪಕ್ಷ ಎರಡಾದರೆ ಫೈಲು ಎರಡಾಗುತ್ತೆ, ವರ್ಗಾವಣೆ ಎರಡಾಗುತ್ತೆ, ಅಧಿಕಾರಿ ಯಾರ ಮುಖ ನೋಡಬೇಕು ಅಂತ ಗೊತ್ತಾಗದೆ ಸುಮ್ಮನೆ ಕೂತುಬಿಡ್ತಾನೆ. ಇನ್ನೊಂದು ವಾದ ಇನ್ನೂ ಗಟ್ಟಿಯಾದ್ದು: ಎಲ್ಲವನ್ನೂ ಬಹಿರಂಗ ಮಾಡಿದರೆ ಯಾರೂ ಬಿಟ್ಟುಕೊಡಲ್ಲ, ಮರ್ಯಾದೆ ಪ್ರಶ್ನೆ ಬರುತ್ತೆ. ಇದು ನಿಜ, ಒಮಾನ್ ಬದುಕಿರೋದೇ ಈ ನಿಜದ ಮೇಲೆ. 2013ರಲ್ಲಿ ಅಮೆರಿಕ ಮತ್ತು ಇರಾನ್ ಅಧಿಕಾರಿಗಳು ತಿಂಗಳುಗಟ್ಟಲೆ ಇಲ್ಲಿ ಗುಟ್ಟಾಗಿ ಭೇಟಿಯಾಗ್ತಿದ್ದರು. ಆದರೆ ಅದೇ ವರ್ಷ ನವೆಂಬರ್ 24ಕ್ಕೆ ಜಿನೀವಾದಲ್ಲಿ ಒಪ್ಪಂದ ಆದಾಗ ಅದರ ಪಠ್ಯ ಯಾರು ಬೇಕಾದರೂ ಓದುವ ಹಾಗೆ ಹೊರಗೆ ಬಂತು. ಯುರೇನಿಯಂ ಎನ್‌ರಿಚ್‌ಮೆಂಟ್ ಶೇ 5 ದಾಟಬಾರದು, ಅವಧಿ ಆರು ತಿಂಗಳು, ಪರೀಕ್ಷೆ ಮಾಡುವವರು ಯಾರು, ಎಲ್ಲ ಇತ್ತು. 2015ರ ದೊಡ್ಡ ಒಪ್ಪಂದದಿಂದ 2018ರ ಮೇ 8ಕ್ಕೆ ಅಮೆರಿಕ ಹೊರಬಿದ್ದಾಗ, ಹೊರಬಿದ್ದವರು ಯಾರು ಅಂತ ಜಗತ್ತಿಗೆ ಗೊತ್ತಿತ್ತು. ಮಾತು ಬಾಗಿಲು ಹಾಕಿಕೊಂಡು ಆಗಲಿ. ಎದ್ದು ಬಂದ ಮೇಲೆ ಕಾಗದ ಹೊರಗೆ ಬರಲಿ.

ನಡುವೆ ಯಾರು ಕೂರಬೇಕು? ಇನ್ನು ಮುಂದೆ ಯಾವ ಹುದ್ದೆಯೂ, ಟಿಕೆಟ್ಟೂ ತಮಗಾಗಲೀ ಮಕ್ಕಳಿಗಾಗಲೀ ಬೇಡ ಅಂತ ಬರೆದುಕೊಟ್ಟ ಇಬ್ಬರು ಹಿರಿಯರು, ಎರಡೂ ಬಣ ಒಪ್ಪಿದವರು. ಅಂಥವರು ಎಲ್ಲಿ ಸಿಗ್ತಾರೆ ಅಂತ ನೀವು ನಗಬಹುದು. ನಾವೂ ಬರೆಯುವಾಗ ನಕ್ಕಿದ್ದೀವಿ.

ನಗೋದಕ್ಕೆ ನಮಗೆ ಹಕ್ಕೂ ಕಮ್ಮಿ. ನಮ್ಮ ಸಂಘದ ವಿಷಯ ಓದುಗರಿಗೆ ಗೊತ್ತೇ ಇದೆ, ಗೊತ್ತಿಲ್ಲದ ಹೊಸಬರಿಗೆ ಚಿಕ್ಕದಾಗಿ ಹೇಳ್ತೀವಿ. ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗರು ಒಂದು ಕಡೆ, ಊರಿಂದ ಮಾಸ್ಟರ್ಸ್‌ಗೆ ಬಂದ ನಾವು ಇನ್ನೊಂದು ಕಡೆ. ಹೋದ ವರ್ಷ ನಿಜ್ವಾ ಕೋಟೆ ನೋಡಿ ವಾಪಸ್ ಬರುವಾಗ ಕಾರಲ್ಲಿ, ಈ ವರ್ಷ ಅಧ್ಯಕ್ಷ ಸ್ಥಾನ ನಿಮ್ಮದು, ಮುಂದಿನ ವರ್ಷ ನಮ್ಮದು ಅಂತ ಮಾತಾಗಿತ್ತು. ಕಾರಲ್ಲಿ ಐದೇ ಜನ ಇದ್ದದ್ದು. ಸೆಪ್ಟೆಂಬರ್ ಬಂದಾಗ ಅವರು, ಅಂಥ ಮಾತೇ ಆಗಿಲ್ಲ ಅಂದರು. ನಮ್ಮವರು ಬೇರೆ ವಾಟ್ಸ್ಯಾಪ್ ಗ್ರೂಪ್ ಮಾಡಿದರು. ಕಾರ್ಯಕ್ರಮಕ್ಕೆ ದುಡ್ಡು ಕೊಡುವ ಹಿರಿಯರೊಬ್ಬರು ರಾಜಿಗೆ ಬಂದರು, ಊಟ ಹಾಕಿಸಿದರು, ಎಲ್ಲರ ಫೋಟೊ ತೆಗೆಸಿದರು. ಅವರಿಗೆ ಬೇಕಾಗಿದ್ದದ್ದು ಬ್ಯಾನರಿನಲ್ಲಿ ಹೆಸರು ಅಂತ ನಾಲ್ಕು ದಿನಕ್ಕೆ ಗೊತ್ತಾಯ್ತು. ಜಗಳ ಜೋರಾಯ್ತು. ಒಂದೇ ಲ್ಯಾಬಿನ ಇಬ್ಬರು ಗೆಳೆಯರು ಮೂರು ವಾರ ಮಾತು ಬಿಟ್ಟಿದ್ದರು. ಈ ವರ್ಷ ಬಂದ ಜೂನಿಯರ್ ಒಬ್ಬಳು, ಯಾವ ಗ್ರೂಪಿಗೆ ಸೇರಬೇಕು ಅಂತ ತಿಳಿಯದೆ ಎರಡಕ್ಕೂ ಸೇರದೆ ರಾಜ್ಯೋತ್ಸವದ ದಿನ ರೂಮಲ್ಲೇ ಉಳಿದಳು. ನಮಗೆ ನಾಚಿಕೆಯಾದದ್ದು ಅವತ್ತು.

ಕೊನೆಗೆ ಸರಿ ಮಾಡಿದ್ದು ಕೆಮಿಸ್ಟ್ರಿ ವಿಭಾಗದ ಪಿಎಚ್‌ಡಿ ಚೇಚಿ. ಕಾಸರಗೋಡಿನವರು, ಮನೆಮಾತು ಮಲಯಾಳ, ಕನ್ನಡ ಚೆನ್ನಾಗಿ ಅರ್ಥ ಆಗುತ್ತೆ, ನಮ್ಮ ಸಂಘದ ಸದಸ್ಯರಲ್ಲ, ಆಗಲ್ಲ ಅಂತಲೂ ಮೊದಲೇ ಹೇಳಿದರು. ಅವರನ್ನು ಲೈಬ್ರರಿಯಲ್ಲಿ, ನಮ್ಮನ್ನು ಕ್ಯಾಂಟೀನಿನಲ್ಲಿ ಕೂರಿಸಿ ಎರಡು ಸಂಜೆ ಓಡಾಡಿದರು. ಯಾರು ಏನು ಬೈದರು ಅನ್ನೋದನ್ನು ಅವರು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಆದರೆ ಒಪ್ಪಿದ್ದನ್ನು ಒಂದು ಪುಟದಲ್ಲಿ ಬರೆಸಿ, ಎರಡೂ ಕಡೆಯಿಂದ ಸಹಿ ಹಾಕಿಸಿ, ಎಲ್ಲ ಸದಸ್ಯರಿಗೂ ಕಳಿಸಿದರು. ಮೊದಲನೇ ಸಾಲು ಜೂನಿಯರ್‌ಗಳ ಕ್ಷಮೆ ಕೇಳಿದ್ದು. ನಾಲ್ಕನೇ ಸಾಲು, ಈ ಇ-ಪುಸ್ತಿಕೆ ಡಿಸೆಂಬರ್ 31ರೊಳಗೆ ಬರಬೇಕು, ಜವಾಬ್ದಾರಿ ಊರಿಂದ ಬಂದವರದ್ದು.

ಡಿಸೆಂಬರ್ 31 ದಾಟಿತು. ಜನವರಿ 1ರ ಬೆಳಿಗ್ಗೆ ಆ ಜೂನಿಯರ್ ಹುಡುಗಿ ಗ್ರೂಪಿನಲ್ಲಿ ಆ ಪುಟವನ್ನು ಮತ್ತೆ ಹಾಕಿ, ನಾಲ್ಕನೇ ಸಾಲಿನ ಕೆಳಗೆ ಕೆಂಪು ಗೀಟು ಎಳೆದು, ‘ಅಣ್ಣಂದಿರೇ?’ ಅಂತ ಬರೆದಿದ್ದಳು.